ಉತ್ತರ: ಮುಚ್ಚಿದ ಸರ್ವರ್‌ನ ಕಮ್ಯೂನಿಟಿ ಇನ್ನೂ ಯಾಕೆ ಕಾಣುತ್ತಿದೆ?

ಹಲವು ಸರ್ವರ್‌ಗಳು ಸೇರಿ ನಡೆಸುವ ಚರ್ಚಾ ಜಾಲ ಲೆಮ್ಮಿಯಲ್ಲಿ ಲೆಮ್ ಡಾಟ್ ಇಇ ಅನ್ನುವ ಸರ್ವರ್ ಮುಚ್ಚಿದರೂ ಅಲ್ಲಿನ ಕಮ್ಯೂನಿಟಿ (ಒಂದು ವಿಷಯದ ಚರ್ಚಾ ಗುಂಪು) ಕಾಣುತ್ತಿದೆ, ಪೋಸ್ಟ್ ಹಾಕಿದರೆ ಯಾರೂ ಮಾತಾಡುತ್ತಿಲ್ಲ ಅಂದಿರಿ, ಅಲ್ವಾ? ನೀವು ನೋಡುತ್ತಿರುವುದು ನಿಮ್ಮ ಸರ್ವರ್ ಇಟ್ಟುಕೊಂಡಿರುವ ಹಳೆಯ ಪ್ರತಿ. ಲೆಮ್ಮಿಯಲ್ಲಿ ಪೋಸ್ಟ್ ಮೊದಲು ಕಮ್ಯೂನಿಟಿಯ ಮೂಲ ಸರ್ವರ್‌ಗೆ ಹೋಗಬೇಕು. ಅದೇ ಉಳಿದವರಿಗೆಲ್ಲ ಹಂಚುತ್ತದೆ. 2025ರ ಜೂನ್ ಕೊನೆಗೆ ಆ ಹಂಚುವ ಸರ್ವರೇ ನಿಂತುಹೋಯಿತು. ಹಾಗಾಗಿ ನೀವು ಬರೆದದ್ದು ನಿಮ್ಮ ಸರ್ವರ್‌ನವರಿಗೆ ಮಾತ್ರ ಕಾಣುತ್ತದೆ. ಇನ್ನೊಂದು ಸರ್ವರ್‌ನವರು ಅದೇ ಕಮ್ಯೂನಿಟಿಯಲ್ಲಿ ತಮ್ಮತಮ್ಮಲ್ಲೇ ಹರಟುತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ವಿಚಿತ್ರ ಅನಿಸಿದರೂ ವ್ಯವಸ್ಥೆ ಇರುವುದೇ ಹಾಗೆ.

ಅಲ್ಲಿ ಸುಮ್ನೆ ಬರೆಯುತ್ತಾ ಕೂರಬೇಡಿ. ಹಳೆಯ ಮಾಡರೇಟರ್‌ಗಳು ಎಲ್ಲಿಗೆ ಹೋಗುತ್ತೇವೆ ಅಂತ ಪಿನ್ ಮಾಡಿದ್ದರೆ ಅಲ್ಲಿಗೆ ಸೇರಿ. ಜೊತೆಗೆ, ನಾಳೆ ನಿಮ್ಮ ಸರ್ವರ್ ಕೂಡ ಮುಚ್ಚಿದರೆ ಇರಲಿ ಅಂತ, ಈಗಿನ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿ ಫೈಲ್ ಇಳಿಸಿಕೊಳ್ಳಿ. ಅದರಲ್ಲಿ ನೀವು ಸೇರಿರುವ ಕಮ್ಯೂನಿಟಿಗಳ ಪಟ್ಟಿ ಇರುತ್ತದೆ, ನೀವು ಬರೆದ ಪೋಸ್ಟ್‌ಗಳು ಇರುವುದಿಲ್ಲ.