ಕರ್ತನು ಬೇಗ ಬರುವನೆಂದು ಕೆಲಸ ಬಿಡಬಹುದೇ?

ಪ್ರಶ್ನೆ: ನಮ್ಮ ಪ್ರಾರ್ಥನಾ ಕೂಟಕ್ಕೆ ಬರುವ ಬೋಧಕರೊಬ್ಬರು ಯೇಸುವಿನ ಎರಡನೆಯ ಬರೋಣ ಯಾವ ತಿಂಗಳೆಂದು ಹೇಳುತ್ತಿದ್ದಾರೆ. ನನ್ನ ತಮ್ಮ ಕೆಲಸ ಬಿಟ್ಟು, ಪಿಎಫ್ ಹಣ ತೆಗೆದು ಅವರ ಸೇವೆಗೆ ಕೊಡಲು ಹೊರಟಿದ್ದಾನೆ. ತಡೆದರೆ ‘ಅಕ್ಕಾ, ನಿನಗೆ ವಿಶ್ವಾಸವಿಲ್ಲ’ ಎನ್ನುತ್ತಾನೆ.
– ಒಬ್ಬ ಸಹೋದರಿ, ಹಾಸನ

ಉತ್ತರ: ತಡೆಯಿರಿ ಅಮ್ಮಾ, ಅದು ಅವಿಶ್ವಾಸವಲ್ಲ. ಆ ದಿನ, ಆ ಗಳಿಗೆ ತಂದೆಗೆ ಹೊರತು ಯಾರಿಗೂ ತಿಳಿಯದೆಂದು ಕರ್ತನೇ ಹೇಳಿದ್ದಾನೆ (ಮತ್ತಾಯ 24:36). ತಿಂಗಳು ಹೇಳುವವರು ಆ ಮಾತನ್ನು ಮೀರಿ ನಿಂತಿದ್ದಾರೆ.

ತಮ್ಮನ ಜೊತೆ ವಾದಕ್ಕಿಳಿಯಬೇಡಿ. ಒಟ್ಟಿಗೆ ಕೂತು, ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದ ಎರಡನೆಯ ಪತ್ರಿಕೆಯನ್ನು ಬೈಬಲಿನಿಂದ ಗಟ್ಟಿಯಾಗಿ ಓದಿ. ಮೂರೇ ಅಧ್ಯಾಯ, ಹತ್ತು ನಿಮಿಷ ಸಾಕು. ಕರ್ತನ ದಿನ ಬಂದೇಬಿಟ್ಟಿತು ಎಂಬ ಸುದ್ದಿಗೆ ಆ ಸಭೆ ಕಲಕಿಹೋಗಿತ್ತು, ಕೆಲವರು ದುಡಿಮೆಯನ್ನೂ ಬಿಟ್ಟಿದ್ದರು. ದುಡಿಯಲು ಒಪ್ಪದವನು ಉಣ್ಣಲೂ ಬಾರದು ಎಂದು ಬರೆದ ಪೌಲ ಸ್ವತಃ ಗುಡಾರ ಹೊಲಿದು ಬದುಕಿದವನು.

ದಕ್ಷಿಣ ಕೊರಿಯಾದಲ್ಲಿ ನಡೆದದ್ದನ್ನೂ ಹೇಳಿ. ದಾಮಿ ಮಿಷನ್ ಎಂಬ ಪಂಗಡದ ಬೋಧಕ ಲೀ ಜಾಂಗ್ ರಿಮ್ 1992ರ ಅಕ್ಟೋಬರ್ 28ಕ್ಕೆ ರ‍್ಯಾಪ್ಚರ್, ಅಂದರೆ ವಿಶ್ವಾಸಿಗಳು ಜೀವಂತವಾಗಿ ಮೇಲಕ್ಕೆ ಎತ್ತಲ್ಪಡುವುದು, ಎಂದು ಸಾರಿದರು. ಜನ ಕೆಲಸ ಬಿಟ್ಟರು, ಮನೆ ಮಾರಿದರು. ಆ ದಿನಕ್ಕೆ ಮುಂಚೆಯೇ ವಂಚನೆ ಆರೋಪದಲ್ಲಿ ಲೀ ಬಂಧನವಾಯಿತು. ಲೀ ತಾವೇ ಕೊಂಡಿದ್ದ ಬಾಂಡುಗಳ ಅವಧಿ ಮುಗಿಯುವುದಿದ್ದದ್ದು 1993ರ ಮೇ ತಿಂಗಳಲ್ಲಿ! ಆದ್ದರಿಂದ ಬೋಧಕರನ್ನು ನೇರವಾಗಿ ಕೇಳಿ: ತಿಂಗಳು ಯಾವ ವಚನದಲ್ಲಿದೆ? ಆ ತಿಂಗಳು ಸುಮ್ಮನೆ ಕಳೆದುಹೋದರೆ ಹಣ ಹಿಂದಿರುಗಿಸುತ್ತೀರಾ? ಕಾಣಿಕೆ ಕೊಡುವ ಮನಸ್ಸಿದ್ದರೆ ತಮ್ಮ ತನ್ನ ಸಂಬಳದಿಂದ, ಸಭೆಯ ಖಾತೆಗೆ, ರಸೀದಿ ಪಡೆದು ಕೊಡಲಿ. ಮನೆಯವರ ನಾಳೆಯ ಅನ್ನಕ್ಕೆಂದು ಇಟ್ಟದ್ದನ್ನು ಮುಟ್ಟುವುದು ಬೇಡ (1 ತಿಮೊಥೆಯ 5:8 ನೋಡಿ).

ಪ್ರಶ್ನೆ: ಕರ್ತನ ಬರೋಣಕ್ಕೆ ‘ಎಚ್ಚರವಾಗಿರಿ’ ಎಂದು ಪ್ರತಿ ಪ್ರಸಂಗದಲ್ಲೂ ಕೇಳುತ್ತೇವೆ. ದಿನನಿತ್ಯದಲ್ಲಿ ಅದನ್ನು ಮಾಡುವುದು ಹೇಗೆ?
– ಒಬ್ಬ ಓದುಗರು, ಚಿಕ್ಕಮಗಳೂರು

ಉತ್ತರ: ಬಹಳ ಮಂದಿ ಉಪವಾಸ, ರಾತ್ರಿ ಪ್ರಾರ್ಥನೆಯಿಂದ ಶುರುಮಾಡುತ್ತಾರೆ. ಒಳ್ಳೆಯದೇ, ಆದರೆ ಮೊದಲು ಸಾಲದ ಲೆಕ್ಕ ಆಗಲಿ. ಕೊಯ್ಲು ಮಾಡಿದ ಆಳುಗಳಿಂದ ಹಿಡಿದಿಟ್ಟ ಕೂಲಿ ದೇವರಿಗೆ ಕೂಗುತ್ತದೆ ಎಂದು ಬರೆದ ಯಾಕೋಬ, ಮುಂಗಾರು ಹಿಂಗಾರಿಗೆ ಕಾಯುವ ರೈತನಂತೆ ಕರ್ತನ ಬರೋಣಕ್ಕೆ ಕಾದಿರಿ ಎಂದದ್ದು ತನ್ನ ಪತ್ರಿಕೆಯ ಅದೇ ಐದನೆಯ ಅಧ್ಯಾಯದಲ್ಲಿ.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಯಾರಿಗೆ, ಎಷ್ಟು, ಎಂದಿನಿಂದ ಎಂದು ಬರೆಯಿರಿ. ಅಂಗಡಿ ಬಾಕಿ, ಕೈಸಾಲ, ಮನೆಗೆಲಸದವರ ಸಂಬಳ, ತೋಟದ ಆಳಿನ ಬಟವಾಡೆ, ಯಾವುದೂ ಬಿಡಬೇಡಿ. ಕೂಲಿಯನ್ನು ಮೊದಲು ತೀರಿಸಿ, ಏಕೆಂದರೆ ಅವರ ಮನೆಯ ಒಲೆ ಅದರ ಮೇಲೇ ನಿಂತಿದೆ. ಪೂರ್ತಿ ಆಗದಿದ್ದರೆ ತಪ್ಪಿಸಿಕೊಂಡು ಓಡಾಡಬೇಡಿ. ಹೋಗಿ, ಸ್ವಲ್ಪ ಕೊಟ್ಟು, ಉಳಿದದ್ದಕ್ಕೆ ದಿನಾಂಕ ಹೇಳಿ ಬನ್ನಿ.

ಆಮೇಲೆ ಮಾತುಬಿಟ್ಟವರ ಹತ್ತಿರ ಹೋಗಿ. ಒಬ್ಬರೇ ಹೋಗಿ, ವಾಯ್ಸ್ ಮೆಸೇಜ್ ಬೇಡ. ‘ನಿಮ್ಮದೂ ತಪ್ಪಿದೆ, ಆದರೂ’ ಎಂದು ಬಾಯಿ ತೆರೆದರೆ ಅಲ್ಲಿಗೇ ಕೆಟ್ಟಿತು. ನಿಮ್ಮ ತಪ್ಪನ್ನಷ್ಟೇ ಹೇಳಿ ನಿಲ್ಲಿಸಿ.

ರೋಗಿಗಳನ್ನು ನೋಡಲು ಹೋದಾಗ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ಒಂದು ಚಿಕ್ಕ ಕೀರ್ತನೆ, ಒಂದು ಪ್ರಾರ್ಥನೆ ಸಾಕು. ಯಾವ ಪಾಪಕ್ಕೆ ಈ ಕಾಯಿಲೆ ಬಂತೆಂದು ವಿವರಿಸುವುದು ಕ್ರೂರತನ.

ಓದುವಾಗ ಮತ್ತಾಯ 24, 25 ಎರಡನ್ನೂ ಒಂದೇ ಸಲಕ್ಕೆ ಓದಿ. ಯುದ್ಧ, ಭೂಕಂಪದ ವಚನಗಳಿಗೇ ನಿಂತುಬಿಟ್ಟರೆ, ಹಸಿದವರಿಗೆ ಊಟ, ಪರದೇಶಿಗೆ ಆಸರೆ, ಸೆರೆಯಲ್ಲಿದ್ದವರ ಭೇಟಿ ಇವುಗಳ ಬಗ್ಗೆ ಕರ್ತನು ಕೇಳುವ ಲೆಕ್ಕ ತಪ್ಪಿಹೋಗುತ್ತದೆ.

ಪ್ರಶ್ನೆ: ಮೃಗದ ಗುರುತಿನ (ಪ್ರಕಟನೆ ಗ್ರಂಥದಲ್ಲಿ ಬರುವ 666ರ ಗುರುತು) ವಿಡಿಯೊ ನೋಡಿ ಒಂಬತ್ತು ವರ್ಷದ ಮಗಳು ರಾತ್ರಿ ನಿದ್ದೆ ಮಾಡುತ್ತಿಲ್ಲ.
– ಒಬ್ಬ ತಾಯಿ, ಮಂಗಳೂರು

ಉತ್ತರ: ವಿಡಿಯೊ ನಿಲ್ಲಿಸಿ. ಅವಳಿಗೆ ಏನು ಭಯ ಎಂದು ಅವಳ ಬಾಯಲ್ಲೇ ಕೇಳಿ. ಮಕ್ಕಳಿಗೆ ಸಾಮಾನ್ಯವಾಗಿ 666ಕ್ಕಿಂತ ‘ಅಮ್ಮ ಹೋಗಿ ನಾನೊಬ್ಬಳೇ ಉಳಿದರೆ’ ಎಂಬ ಭಯವೇ ದೊಡ್ಡದು. ಮಲಗುವ ಮುಂಚೆ ಯೋಹಾನ 14ರ ಮೊದಲ ಮೂರು ವಚನ ಓದಿ: ತನ್ನವರಿಗೆ ಸ್ಥಳ ಸಿದ್ಧಮಾಡಲು ಹೋದವನೇ ಕರೆದುಕೊಳ್ಳಲು ಬರುತ್ತಾನೆ. ಪ್ರಕಟನೆ 13ನೆಯ ಅಧ್ಯಾಯ ಅವಳು ದೊಡ್ಡವಳಾಗುವ ತನಕ ಕಾಯಲಿ. ಎರಡು ಮೂರು ವಾರವಾದರೂ ನಿದ್ದೆ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.