ಕಲಬುರಗಿಯಲ್ಲಿ ಎಂ.ಎ. ಓದುತ್ತಾ ಸೈಕಲ್, ಸಮಾರಂಭ, ತಿರುಗಾಟ: ಯಾವುದನ್ನು ಬಿಡಬೇಕು?

ಯಾವುದನ್ನೂ ಬಿಡಬೇಡಿ. ಹಾಸನದಿಂದ ಕಲಬುರಗಿಗೆ ಎಂ.ಎ.ಗೆ ಬರುತ್ತಿದ್ದೀರಿ. ಸೈಕಲ್ ತುಳಿಯುವುದು, ಜನರ ಜೊತೆ ಸೇರುವುದು, ಊರೂರು ನೋಡುವುದು ಮೂರೂ ಇಷ್ಟ. ಎರಡು ವರ್ಷದಲ್ಲಿ ಮೂರಕ್ಕೂ ಟೈಮ್ ಸಿಗಲ್ಲ, ಒಂದನ್ನು ಇಟ್ಟುಕೊಂಡು ಎರಡು ಬಿಡು ಅಂತ ಸೀನಿಯರ್ಸ್ ಹೇಳಿದ್ದಾರೆ. ನಾನೂ ಇದೇ ಲೆಕ್ಕ ಹಾಕುತ್ತಾ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಇತಿಹಾಸ ಓದಲು ಬಂದವನು. ಆ ಲೆಕ್ಕವೇ ಸರಿಯಿಲ್ಲ ಅಂತ ಗೊತ್ತಾಗಲು ಒಂದು ಸೆಮಿಸ್ಟರ್ ಕೂಡ ಬೇಕಾಗಲಿಲ್ಲ. ಈ ಕಡೆ ಅವು ಮೂರೂ ಒಂದೇ ಕೆಲಸ.

ನಮ್ಮ ಜ್ಞಾನಗಂಗಾ ಕ್ಯಾಂಪಸ್ ಊರಿನಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿದೆ. ಜಾಗವೇ 860 ಎಕರೆ. ಹಾಸ್ಟೆಲ್, ಡಿಪಾರ್ಟ್‌ಮೆಂಟ್, ಲೈಬ್ರರಿ ಅಂತ ನಡೆದುಕೊಂಡೇ ಓಡಾಡಿದರೆ ಒಳ್ಳೇ ಹೊತ್ತೆಲ್ಲ ಬಿಸಿಲಿಗೆ ಹೋಗುತ್ತದೆ. ಹಾಗಾಗಿ ಸೈಕಲ್ ಇಲ್ಲಿ ಹವ್ಯಾಸ ಅಲ್ಲ, ಚಪ್ಪಲಿ ಇದ್ದ ಹಾಗೆ. ಆದರೆ ಅದರ ನಿಜವಾದ ಉಪಯೋಗ ಇರುವುದು ಗೇಟಿನ ಆಚೆ.

ಮೊದಲ ಚಳಿಗಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಸುಮ್ನೆ ಹಳ್ಳಿ ರಸ್ತೆ ಹಿಡಿದಿದ್ದೆ. ಹಿಂದಿನ ಚಕ್ರ ಪಂಕ್ಚರ್ ಆಯಿತು. ಇಲ್ಲಿ ರಸ್ತೆ ಬದಿಯೆಲ್ಲ ಬಳ್ಳಾರಿ ಜಾಲಿ, ಅದರ ಮುಳ್ಳು ಟೈರನ್ನು ಸೂಜಿಗಿಂತ ಸಲೀಸಾಗಿ ದಾಟುತ್ತದೆ. ಹತ್ತಿರದ ಮನೆಯೊಂದರ ಮುಂದೆ ನಿಂತು ನೀರು ಕೇಳಿದೆ. ಒಬ್ಬ ಅಜ್ಜ ಬಕೆಟ್ ತಂದಿಟ್ಟರು. ಟ್ಯೂಬನ್ನು ನೀರಲ್ಲಿ ಮುಳುಗಿಸಿ, ಗುಳ್ಳೆ ಬಂದ ಕಡೆ ಒರೆಸಿ, ಉಜ್ಜಿ, ಪ್ಯಾಚ್ ಹಚ್ಚಿದೆ. ಗಾಳಿ ಹೊಡೆದೆ. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ಅಜ್ಜ ಮಾತಾಡದೆ ಟೈರಿನ ಒಳಗೆ ಹೆಬ್ಬೆರಳು ಆಡಿಸಿಕೊಂಡು ಬಂದರು. ಒಂದು ಕಡೆ ತಡೆದರು. ಮುರಿದು ರಬ್ಬರಿನೊಳಗೇ ಉಳಿದಿದ್ದ ಮುಳ್ಳಿನ ಮೊನೆಯನ್ನು ಉಗುರಲ್ಲಿ ಹಿಡಿದು ಎಳೆದು ನನ್ನ ಅಂಗೈ ಮೇಲಿಟ್ಟರು. ಎಳ್ಳಿನಷ್ಟೂ ಇರಲಿಲ್ಲ. "ಇದು ತಗೀಲಾರ್ದ ನೀ ಎಷ್ಟ್ ಹಚ್ಚಿದ್ರೂ ಅಷ್ಟೇ" ಅಂದರು. ಆಮೇಲೆ ಯಾವ ಊರು, ಏನು ಓದ್ತಿ, ಊಟ ಎಲ್ಲಿ ಅಂತ ಕೇಳಿ, "ಎಳ್ಳಮಾಸಿಗಿ ಹೊಲಕ್ಕ ಬಾ, ಒಬ್ಬಾಂವನೇ ಬರಬ್ಯಾಡ, ದೋಸ್ತರನ್ನೂ ಕರ್ಕೊಂಡ್ ಬಾ" ಅಂದರು.

ಎಳ್ಳು ಅಮಾವಾಸ್ಯೆ ನಿಮ್ಮ ಕಡೆ ಕ್ಯಾಲೆಂಡರಿನಲ್ಲಿ ಮಾತ್ರ ಇರಬಹುದು. ಕಲಬುರಗಿ, ಬೀದರ್ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಡಿಸೆಂಬರ್ ಕೊನೆ ಇಲ್ಲವೇ ಜನವರಿಯಲ್ಲಿ ಬರುತ್ತದೆ. ಹಿಂಗಾರಿ ಜೋಳ ಎದೆ ಮಟ್ಟ ನಿಂತಿರುತ್ತದೆ, ತೊಗರಿ ರಾಶಿ ಆಗುತ್ತಿರುತ್ತದೆ. ಜೋಳದ ದಂಟಿನ ಚಿಕ್ಕ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತಾರೆ. ಹೊಲದ ಸುತ್ತ ಚರಗ, ಅಂದರೆ ನೈವೇದ್ಯದ ಅಡಿಗೆ, ಚೆಲ್ಲುತ್ತಾರೆ. ಆಮೇಲೆ ಊಟ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಮತ್ತೆ ಭಜ್ಜಿ. ಈ ಭಜ್ಜಿ ಎಣ್ಣೆಯಲ್ಲಿ ಕರಿದ ಬಜ್ಜಿ ಅಲ್ಲ. ಸೊಪ್ಪು, ತರಕಾರಿ, ಹಸಿ ಕಾಳು ಎಲ್ಲ ಹಾಕಿ ಕುದಿಸಿದ ಗಟ್ಟಿ ಪಲ್ಯ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕೂರಿಸುತ್ತಾರೆ. ಬಸ್ಸಿನಲ್ಲಿ ಹೋಗುವವನನ್ನು ಯಾರು ಕೂಗುತ್ತಾರೆ ಹೇಳಿ? ಸೈಕಲ್ ಮೇಲಿದ್ದವನನ್ನು ಕೂಗುತ್ತಾರೆ. ನಾವು ಅಜ್ಜನ ಹೊಲ ಮುಟ್ಟುವಷ್ಟರಲ್ಲಿ ಬೇರೆಯವರ ಹೊಲದಲ್ಲೇ ಹೊಟ್ಟೆ ತುಂಬಿತ್ತು.

ಅವತ್ತಿನಿಂದ ನಮ್ಮದೊಂದು ಗುಂಪಾಯಿತು. ಹೋಳಿ ಹುಣ್ಣಿಮೆ ಮುಗಿದು ಐದನೇ ದಿನ ಶರಣಬಸವೇಶ್ವರರ ತೇರು, ಅಲ್ಲಿಗೆ ಹೋದೆವು. ಖ್ವಾಜಾ ಬಂದೇನವಾಜರ ಉರುಸಿಗೆ ಹೋದೆವು. ಅದು ಚಂದ್ರಮಾನದ ಜಿಲ್ಕಾದ್ ತಿಂಗಳಲ್ಲಿ ಬರುವುದರಿಂದ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ. ಎರಡು ಕಡೆಯೂ ನೀವು ಯಾರ ಪೈಕಿ ಅಂತ ಯಾರೂ ಕೇಳುವುದಿಲ್ಲ. ಕ್ಲಾಸಿನ ಹುಡುಗಿಯರು ಹೆಚ್ಚಾಗಿ ಬಸ್ಸಿಗೆ ಬರುತ್ತಿದ್ದರು. 2023ರ ಜೂನ್‌ನಿಂದ ಅವರಿಗೆ ಟಿಕೆಟ್ ದುಡ್ಡೂ ಇಲ್ಲ, ಎಷ್ಟೋ ಸಲ ನಮಗಿಂತ ಮೊದಲೇ ಮುಟ್ಟಿ ನಮಗಾಗಿ ಕಾಯುತ್ತಿದ್ದರು.

ಈಗ ನಾನು ಮಾಡಿದ ತಪ್ಪು. ಇದನ್ನು ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ಬಯಲುಸೀಮೆಯ ಗಾಳಿ ಗೊತ್ತಿಲ್ಲದ ಯಾರಾದರೂ ಮಾಡುವಂಥದ್ದು.

ಕಾರ ಹುಣ್ಣಿಮೆಗೆ, ಅಂದರೆ ಮುಂಗಾರಿನ ಶುರುವಿಗೆ ಬರುವ ಎತ್ತುಗಳ ಹಬ್ಬಕ್ಕೆ, ಕ್ಲಾಸ್‌ಮೇಟ್ ಒಬ್ಬ ಅವನ ಊರಿಗೆ ಕರೆದ. ಮಳಖೇಡ ದಾಟಿ ಒಳಗಿರುವ ಊರು. ಮಳಖೇಡ ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ 9ನೇ ಶತಮಾನದಲ್ಲಿ ಆಳಿದ್ದು ಅಲ್ಲಿಂದಲೇ. ಕಾಗಿಣಾ ನದಿ ದಂಡೆ ಮೇಲೆ ಕೋಟೆ ಇದೆ. ಇತಿಹಾಸ ಓದುವವನಿಗೆ ಇನ್ನೇನು ಬೇಕು? ಸೇಡಂ ರಸ್ತೆಯಲ್ಲಿ ಕಲಬುರಗಿಯಿಂದ ಸುಮಾರು 40 ಕಿ.ಮೀ., ಕ್ಯಾಂಪಸ್ ಅದೇ ದಿಕ್ಕಿಗೆ ಇರುವುದರಿಂದ ನನಗೆ ಇನ್ನೂ ಹತ್ತಿರ. ಬೆಳಿಗ್ಗೆ ಹೊರಟೆ. ಕಾಲಿಟ್ಟರೆ ಓಡುತ್ತಿತ್ತು ಸೈಕಲ್. ದೊಡ್ಡ ಗೇರಿನಲ್ಲೇ ಹೋದೆ. ಇಷ್ಟು ದಿನದ ಅಭ್ಯಾಸ ಕೈಗೆ ಬಂತು ಅಂದುಕೊಂಡೆ.

ಅಭ್ಯಾಸ ಅಲ್ಲ, ಬೆನ್ನಿಗೆ ಗಾಳಿ ಇತ್ತು. ಜೂನ್‌ನಿಂದ ಈ ಕಡೆ ಪಶ್ಚಿಮದ ಗಾಳಿ. ಸೇಡಂ ಇರುವುದು ಪೂರ್ವಕ್ಕೆ. ಬೆನ್ನಿಗೆ ಗಂಟೆಗೆ 20 ಕಿ.ಮೀ. ಗಾಳಿ ಇದ್ದು ನೀವು 22ರಲ್ಲಿ ಹೋಗುತ್ತಿದ್ದರೆ ಮುಖಕ್ಕೆ ಗಾಳಿ ತಾಗುವುದೇ ಇಲ್ಲ. ಬೆವರು ಆರದೆ ಹಾಗೇ ಇಳಿಯುತ್ತಿರುತ್ತದೆ. ಅದೇ ಗುರುತು. ನನಗೂ ಅವತ್ತು ಶರ್ಟ್ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು, ಸೆಕೆ ಜಾಸ್ತಿ ಅಂತ ಬಿಟ್ಟೆ. ಗುಡಿ ಮೇಲಿನ ಬಾವುಟವನ್ನು ಒಂದು ಸಲ ತಲೆ ಎತ್ತಿ ನೋಡಿದ್ದರೂ ಸಾಕಿತ್ತು.

ಸಂಜೆ ಕರಿ ಹರಿಯುವುದು, ಅಂದರೆ ಎತ್ತುಗಳ ಓಟ, ನೋಡಿದೆ. ಕೊಂಬಿಗೆ ಬಣ್ಣ, ಮೈಗೆ ಜೂಲ, ಕೊರಳಿಗೆ ಗೆಜ್ಜೆ. ಅಗಸಿಯಲ್ಲಿ, ಅಂದರೆ ಊರ ಬಾಗಿಲಲ್ಲಿ, ಎತ್ತುಗಳನ್ನು ಓಡಿಸಿದರು. ಕಂದು ಎತ್ತು ಮುಂದೆ ಬಂದರೆ ಮುಂಗಾರಿ ಚೆನ್ನ, ಬಿಳಿ ಎತ್ತು ಬಂದರೆ ಹಿಂಗಾರಿ ಚೆನ್ನ ಅಂತ ಲೆಕ್ಕ. ರಾತ್ರಿ ಯಾರೂ ಬಿಡಲಿಲ್ಲ, ಅಲ್ಲೇ ಮಲಗಿದೆ. ಬೆಳಿಗ್ಗೆ ಐದಕ್ಕೆ ಎದ್ದು ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಬೆಳಗಿನ ಜಾವ ಗಾಳಿ ಕಡಿಮೆ ಇರುತ್ತದೆ. ಬಿಸಿಲು ಏರಿದ ಹಾಗೆ ಅದೂ ಏರುತ್ತದೆ. ನಾನು ಬರುವಾಗ ಹಿಡಿದಷ್ಟೇ ಹೊತ್ತು ಹೋಗುವಾಗಲೂ ಹಿಡಿಯುತ್ತೆ ಅಂತ ಲೆಕ್ಕ ಹಾಕಿ, ರೊಟ್ಟಿ ಊಟ ಮಾಡಿ, ಹತ್ತರ ಮೇಲೆ ಹೊರಟೆ. ಮಧ್ಯಾಹ್ನ ಇಂಟರ್ನಲ್ ಟೆಸ್ಟ್ ಇತ್ತು. ಗೆಳೆಯನ ಅಪ್ಪ "ಗಾಳಿ ಎದುರಿಗದ, ಬಸ್ಸಿನ್ಯಾಗ ಹೋಗು, ಸೈಕಲ್ ಇಲ್ಲೇ ಇರ್ಲಿ" ಅಂದಿದ್ದರು. ಅದು ಎರಡು ಸಲ ಹೇಳಿದ ಮಾತು.

ಎದುರು ಗಾಳಿ 20 ಇದ್ದಾಗ ನೀವು 15ರಲ್ಲಿ ತುಳಿದರೆ, ಗಾಳಿ ಇಲ್ಲದ ದಿನ 35ರಲ್ಲಿ ಹೋದಷ್ಟು ತಳ್ಳಾಟ. ಎರಿ (ಕಪ್ಪು ಮಣ್ಣಿನ) ಹೊಲದ ಬಯಲು, ಎಲ್ಲೂ ಮರೆ ಇಲ್ಲ. ಮೇಲಿಂದ ಸಿಮೆಂಟ್ ಲಾರಿಗಳು. ಆಗ ಮಾಡಬೇಕಾದ್ದು ಚಿಕ್ಕ ಗೇರಿಗೆ ಬಂದು, ಕಾಲು ಬೇಗ ಬೇಗ ತಿರುಗಿಸುತ್ತಾ ನಿಧಾನ ಹೋಗುವುದು. ನಾನು ಟೆಸ್ಟಿನ ಅವಸರಕ್ಕೆ ದೊಡ್ಡ ಗೇರನ್ನೇ ಒತ್ತಿ ಒತ್ತಿ ತುಳಿದೆ. ಇದರ ಮೇಲೆ ಸೀಟು ತಗ್ಗಿತ್ತು. ನಮ್ಮ ಕಡೆ ಎಲ್ಲರೂ ಹಾಗೇ ಇಡುತ್ತಾರೆ, ಕೂತಾಗ ಎರಡೂ ಪಾದ ನೆಲ ಮುಟ್ಟಬೇಕು ಅಂತ. ಸೀಟು ತಗ್ಗಿದ್ದರೆ ಮೊಣಕಾಲು ಜಾಸ್ತಿ ಮಡಚುತ್ತದೆ, ಒತ್ತಡವೆಲ್ಲ ಚಿಪ್ಪಿನ ಮೇಲೆ ಬೀಳುತ್ತದೆ. ಮಳಖೇಡ ಬರುವಷ್ಟರಲ್ಲಿ ಬಲ ಮೊಣಕಾಲಿನ ಮುಂದೆ ಚುಚ್ಚತೊಡಗಿತು. ಅಲ್ಲೇ ನಿಲ್ಲಿಸಿ ಬಸ್ ಹತ್ತಬಹುದಿತ್ತು. ನಿಲ್ಲಿಸಲಿಲ್ಲ. ಕ್ಯಾಂಪಸ್ ಮುಟ್ಟಿದಾಗ ಟೆಸ್ಟ್ ಮುಗಿದಿತ್ತು, ಕಾಲು ಊದಿತ್ತು.

ಡಾಕ್ಟರ್ ಸೈಕಲ್ ಮುಟ್ಟಬೇಡ ಅಂದರು. ಆ ಮಳೆಗಾಲ ಪೂರ್ತಿ ಹೋಯಿತು. ಟೆಸ್ಟಿನ ಮಾರ್ಕ್ಸ್ ದೊಡ್ಡ ಮಾತಲ್ಲ. ಕಾಗಿಣಾ ದಂಡೆಯ ಊರುಗಳಲ್ಲಿ ಸೈಕಲ್ ಮೇಲೆ ತಿರುಗಿ ವೀರಗಲ್ಲುಗಳನ್ನು ದಾಖಲಿಸಬೇಕು ಅಂತ ಡಿಸರ್ಟೇಶನ್ ವಿಷಯ ಇಟ್ಟುಕೊಂಡಿದ್ದೆ. ಗೈಡ್ ಒಪ್ಪಿದ್ದರು. ಊರುಗಳ ಪಟ್ಟಿ ಬರೆದಾಗಿತ್ತು. ಅದನ್ನು ಬಿಟ್ಟು ಲೈಬ್ರರಿಯಲ್ಲಿ ಕೂತು ಮುಗಿಯುವ ವಿಷಯ ತಗೊಂಡೆ. ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಇನ್ನೊಂದು ಹೇಳಬೇಕು. ಆ ತಿಂಗಳುಗಳಲ್ಲಿ ನಿಮ್ಮ ಸೀನಿಯರ್ಸ್ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇದ್ದೆ: ಸೈಕಲ್ ಇಲ್ಲ, ಜಾತ್ರೆ ಇಲ್ಲ, ತಿರುಗಾಟ ಇಲ್ಲ. ಓದು ಜಾಸ್ತಿ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಬೆಳಿಗ್ಗೆ ತಡವಾಗಿ ಏಳುತ್ತಿದ್ದೆ, ಮಧ್ಯಾಹ್ನ ಮಂಪರು, ರಾತ್ರಿ ರೂಮಿನಲ್ಲಿ ಹರಟೆ. ಅದಕ್ಕೇ ಹೇಳ್ತಿರೋದು, ಟೈಮ್ ಉಳಿಸಲು ಸೈಕಲ್ ಬಿಡುವುದು ಅನ್ನುವ ಮಾತನ್ನು ನಾನು ಒಪ್ಪಲ್ಲ.

ಹಾಗಾಗಿ ಬರುವ ಮೊದಲೇ ಸೀಟು ಸರಿ ಮಾಡಿಸಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರ. ಮಳೆಗಾಲದಲ್ಲಿ ಮೊದಲು ಪಶ್ಚಿಮಕ್ಕೆ ಹೋಗಿ. ಆಳಂದ ರಸ್ತೆಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಕಡಗಂಚಿ ಕಡೆಗೋ, ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದ ಕಡೆಗೋ ಹೋಗಿ. ಹೋಗುವಾಗ ಕಷ್ಟ ಪಟ್ಟರೆ ಬರುವಾಗ ಗಾಳಿಯೇ ತಂದು ಬಿಡುತ್ತದೆ. ಮಾರ್ಚ್‌ನಿಂದ ಮೇ ತನಕ ಐದಕ್ಕೆ ಹೊರಟು ಒಂಬತ್ತರೊಳಗೆ ರೂಮಿನಲ್ಲಿರಿ. ಇಲ್ಲಿ 42 ಡಿಗ್ರಿ ಅನ್ನುವುದು ಸುದ್ದಿಯೇ ಅಲ್ಲ, ಹಾಸನದ ಬಿಸಿಲಿನ ಲೆಕ್ಕ ಇಲ್ಲಿ ನಡೆಯಲ್ಲ. ತೆಳು ಟೈರಿನ ದುಬಾರಿ ಸೈಕಲ್ ತರಬೇಡಿ, ಜಾಲಿ ಮುಳ್ಳಿಗೆ ಅದರ ಬೆಲೆ ಗೊತ್ತಾಗಲ್ಲ.

ದೂರದ್ದನ್ನೆಲ್ಲ ಸೈಕಲ್ ಮೇಲೆಯೇ ಮಾಡಬೇಕು ಅನ್ನುವ ಹಟ ಬೇಡ. ಸನ್ನತಿಗೆ ಹೋಗಲೇಬೇಕು. ಅಲ್ಲಿ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿ 1986ರಲ್ಲಿ ಕುಸಿದ ಮೇಲೆ, ಮೂರ್ತಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿರುವ ಅವನ ಶಿಲ್ಪವೇ ಇದೆ. ನಾಲವಾರ ತನಕ ರೈಲು, ಅಲ್ಲಿಂದ ಸಿಕ್ಕ ಗಾಡಿ. ಬೀದರಿಗೂ 2017ರಿಂದ ನೇರ ರೈಲು ಇದೆ. ಬೀದರ್ ನಮಗಿಂತ ಎತ್ತರದ ಊರು, ಕಮಲಾಪುರ ದಾಟಿದ ಮೇಲೆ ರಸ್ತೆ ಏರುತ್ತದೆ. ಎರಡನೇ ವರ್ಷದ ಚಳಿಗಾಲಕ್ಕೆ ಕಾಲು ಗಟ್ಟಿಯಾದ ಮೇಲೆ ನೋಡಿಕೊಳ್ಳಿ. ಕಮಲಾಪುರದ ತನಕ ಮಾತ್ರ ಬೇಗನೆ ಹೋಗಿ ಬನ್ನಿ, ಕೆಂಪು ಬಾಳೆಹಣ್ಣು ತಿನ್ನೋಕೆ.

ಓದಿನ ಬಗ್ಗೆ ನನ್ನ ಹತ್ತಿರ ದೊಡ್ಡ ಸೂತ್ರ ಇಲ್ಲ. ಪರೀಕ್ಷೆಯ ತಿಂಗಳಲ್ಲಿ ಕ್ಯಾಂಪಸ್ಸಿನೊಳಗೆ ಒಂದು ಸುತ್ತು, ಜಾಸ್ತಿ ಅಂದರೆ ಬುದ್ಧ ವಿಹಾರದ ತನಕ. ಅಷ್ಟೇ.

ಸೈಕಲ್ ತರುವುದು ಹೇಗೆ ಅಂತ ಕೊನೆಗೆ ಕೇಳಿದ್ದೀರಿ. ಹಾಸನ-ಸೊಲ್ಲಾಪುರ ಎಕ್ಸ್‌ಪ್ರೆಸ್ ಕಲಬುರಗಿ ಮೇಲೆಯೇ ಹೋಗುತ್ತದೆ. ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಬುಕ್ ಮಾಡಿ. ಹ್ಯಾಂಡಲ್ ಪಕ್ಕಕ್ಕೆ ತಿರುಗಿಸಿ, ಪೆಡಲ್ ಬಿಚ್ಚಿ, ಗೇರಿನ ಭಾಗಕ್ಕೆ ಗೋಣಿಚೀಲ ಸುತ್ತಿ, ನಿಮ್ಮ ಹೆಸರು ಮತ್ತು ಎರಡೂ ಸ್ಟೇಷನ್ ಹೆಸರು ಬರೆದ ಚೀಟಿ ಎರಡು ಕಡೆ ಕಟ್ಟಿ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಬಲದ್ದರ ಹಾಗೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಪಂಪ್ ಮತ್ತು ಪ್ಯಾಚ್ ಡಬ್ಬಿ ಮಾತ್ರ ಪಾರ್ಸಲ್ ಜೊತೆ ಹಾಕಬೇಡಿ, ಕೈಚೀಲದಲ್ಲೇ ಇರಲಿ.