ಚೂಪು ತತ್ತಿ, ಗುಂಡು ತತ್ತಿ ಮತ್ತು ಅತ್ತೆಯ ಮಾತು

ಚಿಂಚೋಳಿ ತಾಲೂಕಿನ ಓದುಗರೊಬ್ಬರ ಪತ್ರ ಹೀಗಿದೆ:

"ಮನೆಯಲ್ಲಿ ಆರು ಜವಾರಿ ಹೇಂಟೆ, ಒಂದು ಹುಂಜ ಸಾಕಿದ್ದೇನೆ. ತತ್ತಿ ಮಾರಿ ಮಕ್ಕಳ ಸಾಲಿ ಖರ್ಚು ನೋಡಿಕೊಳ್ಳುತ್ತೇನೆ. ಹೋಳಿ ಮುಗಿದ ಮೇಲೆ ಹನ್ನೊಂದು ತತ್ತಿ ಕಾವಿಗಿಟ್ಟೆ. ಒಂಬತ್ತು ಮರಿ ಬಂದವು. ಬೆಳೆದ ಮೇಲೆ ನೋಡಿದರೆ ಏಳು ಹುಂಜ, ಎರಡೇ ಹೇಂಟೆ. ಚೂಪು ತತ್ತಿ ಇಟ್ಟಿದ್ದಕ್ಕೇ ಹೀಗಾಯಿತು, ಗುಂಡು ತತ್ತಿ ಆರಿಸಬೇಕಿತ್ತು ಎಂದು ಅತ್ತೆ ಬೈದರು. ದಾರಕ್ಕೆ ಉಂಗುರ ಕಟ್ಟಿ ತತ್ತಿಯ ಮೇಲೆ ಹಿಡಿದರೆ ಗೊತ್ತಾಗುತ್ತದೆ ಅಂತಾರೆ ಪಕ್ಕದ ಮನೆಯವರು. ಬಿಸಿಲುಕಾಲದ ಕಾವಿಗೆ ಹುಂಜವೇ ಜಾಸ್ತಿ ಅಂತಾನೆ ನನ್ನ ತಮ್ಮ. ಇದರಲ್ಲಿ ಯಾವುದು ಖರೆ? ನನಗೆ ಇಬ್ಬರೂ ಹೆಣ್ಣುಮಕ್ಕಳು. 'ನಿನ್ನ ಕೋಳಿಗಾದರೂ ಗಂಡು ಹುಟ್ಟಿದವಲ್ಲ' ಎಂದು ಅತ್ತೆ ನಗುತ್ತಾರೆ."

ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಸಾಲು ಮನಸ್ಸಿಗೆ ನಾಟಿತು. ಅದಕ್ಕೂ ಉತ್ತರ ಕೊಡುತ್ತೇನೆ. ಮೊದಲು ಕೋಳಿಯ ವಿಷಯಕ್ಕೆ ಬರೋಣ.

ಚೂಪು ತತ್ತಿಯಲ್ಲಿ ಹುಂಜ, ಗುಂಡು ತತ್ತಿಯಲ್ಲಿ ಹೇಂಟೆ ಎನ್ನುವ ಮಾತು ಬಹಳ ಹಳೆಯದು. ಸುಮಾರು 2300 ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ಕೂಡ ತತ್ತಿಯ ಆಕಾರ ನೋಡಿ ಹೇಳಬಹುದು ಎಂದು ಬರೆದಿದ್ದ. ಆದರೆ ಅವನು ಹೇಳಿದ್ದು ನಿಮ್ಮ ಅತ್ತೆ ಹೇಳಿದ್ದಕ್ಕೆ ಪೂರಾ ಉಲ್ಟಾ. ಉದ್ದನೆಯ ಚೂಪು ತತ್ತಿ ಹೆಣ್ಣು, ಗುಂಡು ತತ್ತಿ ಗಂಡು ಎಂದಿದ್ದ. ಇಬ್ಬರ ಮಾತೂ ಒಟ್ಟಿಗೆ ನಿಜ ಆಗಲಾರದು, ಅಲ್ವಾ?

ನಿಮ್ಮ ಅಂಗಳದಲ್ಲೇ ಇದಕ್ಕೆ ಉತ್ತರ ಇದೆ. ಆರು ಹೇಂಟೆ ಸಾಕಿದವರಿಗೆ ಯಾವ ತತ್ತಿ ಯಾವ ಕೋಳಿಯದು ಎಂದು ಕಣ್ಣಿಗೇ ಗೊತ್ತಾಗುತ್ತದೆ. ಒಂದರ ತತ್ತಿ ಯಾವಾಗಲೂ ಉದ್ದ, ಇನ್ನೊಂದರದು ಯಾವಾಗಲೂ ಗುಂಡು. ತತ್ತಿಯ ಆಕಾರ ಆಯಾ ಹೇಂಟೆಯ ತತ್ತಿನಾಳದಲ್ಲಿ ಆಗುವಂಥದ್ದು, ಹಾಗಾಗಿ ಅದು ಹೆಚ್ಚು ಬದಲಾಗುವುದಿಲ್ಲ. ಚೂಪಿನಲ್ಲಿ ಹುಂಜವೇ ಇರುವುದಾದರೆ, ಚೂಪು ತತ್ತಿ ಇಡುವ ಹೇಂಟೆ ಬದುಕಿಡೀ ಹುಂಜವನ್ನೇ ಹುಟ್ಟಿಸಬೇಕಿತ್ತು. ಅಂಥ ಕೋಳಿಯನ್ನು ನಿಮ್ಮ ಅತ್ತೆ ಎಂದಾದರೂ ಕಂಡಿದ್ದಾರಾ, ಕೇಳಿ ನೋಡಿ.

ಒಳಗೆ ನಡೆಯುವುದು ಹೀಗೆ. ಹೇಂಟೆಯ ಅಂಡಾಶಯದಲ್ಲಿ ಹಳದಿ ಬೆಳೆಯುತ್ತದೆ. ಅದು ಕಳಚಿ ನಾಳಕ್ಕೆ ಇಳಿಯುವ ಒಂದೆರಡು ತಾಸು ಮೊದಲೇ ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗಿರುತ್ತದೆ. ಆಮೇಲೆ ಮೂರು ತಾಸು ಬಿಳಿ ಸುತ್ತಿಕೊಳ್ಳುತ್ತದೆ. ನಂತರ ಒಳಪೊರೆ. ಕೊನೆಗೆ ಚಿಪ್ಪು, ಅದಕ್ಕೆ ಮಾತ್ರ ಸುಮಾರು 20 ತಾಸು ಬೇಕು. ಒಟ್ಟು 25 ತಾಸಿನ ಕೆಲಸ. ಅಂದರೆ ಆಕಾರ ಬರುವ ಹೊತ್ತಿಗೆ ಒಳಗಿನ ಲೆಕ್ಕ ಮುಗಿದು ಬಹಳ ಹೊತ್ತಾಗಿರುತ್ತದೆ.

ಉಂಗುರದ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ದಾರ ಹಿಡಿದ ಕೈ ನಮಗೇ ಗೊತ್ತಾಗದಷ್ಟು ಅಲ್ಲಾಡುತ್ತದೆ. ಮನಸ್ಸು ಎತ್ತ ಎಳೆಯುತ್ತದೋ ಉಂಗುರವೂ ಅತ್ತ ತೂಗುತ್ತದೆ.

ನಿಮ್ಮ ತಮ್ಮನ ಮಾತಿಗೆ ಮಾತ್ರ ನಿಂತು ಉತ್ತರ ಹೇಳಬೇಕು. ಬಿಸಿಯಿಂದ ಗಂಡು-ಹೆಣ್ಣು ಬದಲಾಗುವ ಪ್ರಾಣಿಗಳು ನಿಜವಾಗಿಯೂ ಇವೆ. ಯಾದಗಿರಿ ಕಡೆ ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆಯಲ್ಲ, ಅವು ಹಾಗೇ. ಮರಳಿನೊಳಗಿನ ತತ್ತಿಗೆ 31 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಬಿಸಿ ಸಿಕ್ಕರೆ ಹೆಣ್ಣು ಮರಿ, 32.5ರ ಸುತ್ತ ಇದ್ದರೆ ಗಂಡು. ಒಂದೂವರೆ ಡಿಗ್ರಿಯಲ್ಲಿ ಎಲ್ಲ ತಿರುಗಿಬಿಡುತ್ತದೆ! ಆದರೆ ಕೋಳಿಯಲ್ಲಿ ಹಾಗಿಲ್ಲ. ಅದಕ್ಕೆ 37.5 ಡಿಗ್ರಿ ಕಾವು ಬೇಕು. ಅದು ಬಹಳ ಹೆಚ್ಚಾದರೂ ಕಡಿಮೆಯಾದರೂ ಮರಿ ಒಳಗೇ ಸಾಯುತ್ತದೆ. ಹುಂಜ ಇದ್ದದ್ದು ಹೇಂಟೆ ಆಗುವುದಿಲ್ಲ.

ಹಾಗಾದರೆ ಏಳು ಹುಂಜ ಯಾಕೆ ಬಂದವು? ನಾಣ್ಯ ಚಿಮ್ಮಿದ ಹಾಗೆ. ಒಂಬತ್ತು ಸಲ ಚಿಮ್ಮಿದರೆ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ಒಂದೇ ಮುಖ, ಹುಂಜದ ಮುಖ ಅನ್ನೋಣ, ಬೀಳುವ ಸಾಧ್ಯತೆ ಹನ್ನೊಂದರಲ್ಲಿ ಒಂದು. ಹನ್ನೊಂದು ಮನೆಯಲ್ಲಿ ಕೋಳಿ ಕಾವಿಗೆ ಕೂತರೆ ಒಂದು ಮನೆಯಲ್ಲಿ ಹೀಗಾಗುತ್ತದೆ. ಈ ಸಲ ಅದು ನಿಮ್ಮ ಮನೆ. ಇನ್ನೊಂದು ಮನೆಯಲ್ಲಿ ಏಳು ಹೇಂಟೆ ಬಂದಿರುತ್ತವೆ, ಅವರು ಗುಂಡು ತತ್ತಿ ಆರಿಸಿದ್ದಕ್ಕೇ ಬಂದವು ಎಂದು ಊರೆಲ್ಲ ಹೇಳುತ್ತಾರೆ. ಸಮ ಸಮ ಬಂದ ಮನೆಯವರು ಸುಮ್ನೆ ಇರುತ್ತಾರೆ. ಹೀಗೆ ಆ ಮಾತು ಉಳಿದುಕೊಂಡು ಬಂದಿದೆ.

ಇನ್ನೊಂದು ಸಂಗತಿ ಕೇಳಿ. ಇದನ್ನು ಬರೆಯಲು ನನಗೆ ಕಷ್ಟವೇ ಆಗುತ್ತದೆ. ತತ್ತಿಯ ದೊಡ್ಡ ಉದ್ಯಮಕ್ಕೆ ಹುಂಜ ಬೇಡ. ಹಾಗಾಗಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಹುಂಜ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ ಎಂಬ ಅಂದಾಜಿದೆ. ಜರ್ಮನಿ 2022ರ ಜನವರಿ 1ರಿಂದ ಇದನ್ನು ನಿಷೇಧಿಸಿತು. ಈಗ ಅಲ್ಲಿ ಕಾವಿನ ನಡುವೆಯೇ ತತ್ತಿಯ ಒಳಗಿನ ಒಂದು ಹನಿ ತೆಗೆದು, ಇಲ್ಲವೇ ಚಿಪ್ಪಿನ ಮೂಲಕ ಬೆಳಕು ಹಾಯಿಸಿ, ದುಬಾರಿ ಯಂತ್ರಗಳಿಂದ ಗಂಡು-ಹೆಣ್ಣು ಪತ್ತೆ ಮಾಡುತ್ತಾರೆ. ಗುಂಡು ತತ್ತಿ ಆರಿಸುವುದರಿಂದಲೋ, ತಂಪಿನಲ್ಲಿಡುವುದರಿಂದಲೋ, ಅಮಾವಾಸ್ಯೆ ಹುಣ್ಣಿಮೆ ನೋಡಿ ಕಾವಿಗಿಡುವುದರಿಂದಲೋ ಹೇಂಟೆಯೇ ಬರುವಂತಿದ್ದರೆ ಅವರು ಅಷ್ಟು ಹಣ ಸುರಿಯುತ್ತಿದ್ದರೇ?

ಈಗ ಅತ್ತೆಯ ಮಾತಿಗೆ ಬರುತ್ತೇನೆ. ಕೋಳಿಯಲ್ಲಿ ಗಂಡು-ಹೆಣ್ಣು ತೀರ್ಮಾನ ಆಗುವುದು ತಾಯಿಯಿಂದ. ಹುಂಜ ಯಾವಾಗಲೂ ಝಡ್ ಎಂಬ ಕ್ರೋಮೋಸೋಮನ್ನೇ (ತಂದೆತಾಯಿಯ ಗುಣಗಳನ್ನು ಮರಿಗೆ ಸಾಗಿಸುವ ಎಳೆ) ಕೊಡುತ್ತದೆ. ಹೇಂಟೆ ಒಂದು ತತ್ತಿಗೆ ಝಡ್, ಇನ್ನೊಂದಕ್ಕೆ ಡಬ್ಲ್ಯು ಕೊಡುತ್ತದೆ. ಝಡ್ ಬಂದರೆ ಹುಂಜ, ಡಬ್ಲ್ಯು ಬಂದರೆ ಹೇಂಟೆ. ಮನುಷ್ಯರಲ್ಲಿ ಇದು ತಿರುವುಮುರುವು. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆಯಿಂದ ಎಕ್ಸ್ ಬಂದರೆ ಮಗಳು, ವೈ ಬಂದರೆ ಮಗ. ನಿಮ್ಮ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದರಲ್ಲಿ ನಿಮ್ಮ ಕಡೆಯ ಪಾಲು ಎರಡು ಸಲವೂ ಒಂದೇ ಇತ್ತು. ನಿಮ್ಮ ಯಜಮಾನರ ಕೈಯಲ್ಲೂ ಏನೂ ಇರಲಿಲ್ಲ. ಇದನ್ನು ಅತ್ತೆಗೆ ಜಗಳ ಮಾಡದೆ, ಕೋಳಿಯ ಕಥೆ ಹೇಳುತ್ತಲೇ ಹೇಳಿ. ಆ ಮಾತಿಗೆ ನೀವು ನಗಬೇಕಾಗಿಲ್ಲ, ತಲೆ ತಗ್ಗಿಸಬೇಕಾಗಿಯೂ ಇಲ್ಲ. ಇಬ್ಬರು ಮಕ್ಕಳೂ ನಿಮ್ಮ ತತ್ತಿಯ ದುಡ್ಡಿನಲ್ಲಿ ಓದುತ್ತಿದ್ದಾರೆ ಎಂದು ಓದಿ ನನಗೆ ಬಹಳ ಸಂತೋಷವಾಯಿತು.

ನಿಮ್ಮ ಕೈಯಲ್ಲಿ ಇರುವುದು ಎಷ್ಟು ತತ್ತಿ ಒಡೆದು ಮರಿ ಬರುತ್ತದೆ, ಬಂದದ್ದು ಎಷ್ಟು ಉಳಿಯುತ್ತದೆ ಎಂಬುದು. ನಮ್ಮ ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. 40 ದಾಟಿದ ದಿನಗಳಲ್ಲಿ ತಗಡಿನ ಕೆಳಗೆ ಬುಟ್ಟಿಯಲ್ಲಿಟ್ಟ ತತ್ತಿ ಕಾವಿಗೆ ಕೂರುವ ಮೊದಲೇ ಅರೆಬರೆ ಬೆಳೆದು ಸಾಯುತ್ತದೆ. ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆ ಕೂರಿಸಿ, ಅದರಲ್ಲಿ ಒಣ ಹೊಟ್ಟು ಹಾಕಿ, ಚೂಪು ತುದಿ ಕೆಳಗೆ ಮಾಡಿ ತತ್ತಿ ಇಡಿ. ಒಂದು ವಾರಕ್ಕಿಂತ ಹಳೆಯದು ಬೇಡ. ಕಾವಿಗಿಟ್ಟ ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿ. ಕೆಂಪು ನರಗಳ ಬಲೆ ಕಂಡರೆ ಜೀವ ಇದೆ. ಖಾಲಿ ಕಂಡದ್ದನ್ನು ತೆಗೆದುಬಿಡಿ. 21ನೇ ದಿನಕ್ಕೆ ಮರಿ ಬರುತ್ತದೆ. ಮೂರು ತಿಂಗಳೊಳಗೆ ಜುಟ್ಟು, ಕತ್ತಿನ ಚೂಪು ಗರಿ ನೋಡಿದರೆ ಹುಂಜ ಯಾವುದು ಎಂದು ಗೊತ್ತಾಗಿಬಿಡುತ್ತದೆ. ಒಂದು ದಿನದ ಮರಿಯ ಹಿಂಭಾಗ ಒತ್ತಿ ನೋಡುವ ವಿದ್ಯೆ ಇದೆ, ಜಪಾನಿನವರು ನೂರು ವರ್ಷದ ಹಿಂದೆ ಕಂಡುಹಿಡಿದದ್ದು. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಕೈ ಪಳಗದಿದ್ದರೆ ಮರಿ ಸಾಯುತ್ತದೆ.

ಆ ಏಳು ಹುಂಜಗಳನ್ನು ನಷ್ಟ ಎಂದುಕೊಳ್ಳಬೇಡಿ. ಜವಾರಿ ಹುಂಜಕ್ಕೆ ಸಂತೆಯಲ್ಲಿ ಗಿರಾಕಿ ತಪ್ಪುವುದಿಲ್ಲ. ಇವನ್ನು ಮಾರಿದ ದುಡ್ಡಿನಲ್ಲಿ ಬೇರೆ ಊರಿನ ಒಂದು ಒಳ್ಳೆಯ ಹುಂಜ, ಎರಡು ಮೂರು ಪ್ರಾಯದ ಹೇಂಟೆ ಕೊಳ್ಳಿ.

ಅತ್ತೆಗೆ ನಂಬಿಕೆ ಬರದಿದ್ದರೆ, ಮಳೆ ಶುರುವಾದ ಮೇಲೆ ಎರಡು ಕೋಳಿಗಳನ್ನು ಒಟ್ಟಿಗೆ ಕಾವಿಗೆ ಕೂರಿಸಿ. ಒಂದರ ಕೆಳಗೆ ಬರೀ ಚೂಪು, ಇನ್ನೊಂದರ ಕೆಳಗೆ ಬರೀ ಗುಂಡು. ಅತ್ತೆಯೇ ಆರಿಸಲಿ. ಮರಿ ಬಂದ ದಿನವೇ ಒಂದು ಗುಂಪಿನ ಕಾಲಿಗೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು ದಾರ ಸಡಿಲವಾಗಿ ಕಟ್ಟಿ. ಕಾಲು ದಪ್ಪವಾದಂತೆ ಬಿಚ್ಚಿ ಮತ್ತೆ ಕಟ್ಟುತ್ತಿರಿ. ದೊಡ್ಡ ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟು ಲೆಕ್ಕ ಬರೆಯಲು ಹೇಳಿ. ದೀಪಾವಳಿಯ ಹೊತ್ತಿಗೆ ಆ ಲೆಕ್ಕವನ್ನು ನಮಗೆ ಕಳಿಸಿ, ಹಾಗೇ ಅಚ್ಚು ಮಾಡುತ್ತೇವೆ.

ಸಂಪಾದಕ